ಅಮೆರಿಕದಲ್ಲಿ ಮನೆ ಬದಲಿಸಿ 10 ದಿನದೊಳಗೆ ತಿಳಿಸದಿದ್ದರೆ ಗಡೀಪಾರೇ? ಫಾರ್ವರ್ಡ್‌ನಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು?

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ಎಷ್ಟೋ ಮನೆಗಳಲ್ಲಿ ಈಗ ಒಬ್ಬರಾದರೂ ಹೊರದೇಶದಲ್ಲಿದ್ದಾರೆ. ಕಬ್ಬಿನ ಗದ್ದೆ ನೋಡಿಕೊಳ್ಳುವ ಅಪ್ಪನ ಮಗ ಟೆಕ್ಸಾಸ್‌ನಲ್ಲಿ ಎಂಜಿನಿಯರ್. ಮಗ್ಗದ ಮನೆಯ ಮಗಳು ಜರ್ಮನಿಯಲ್ಲಿ ಎಂಎಸ್ ಓದುತ್ತಿರುತ್ತಾಳೆ. ಹಾಗಾಗಿ ವೀಸಾ ಬಗ್ಗೆ ಏನೇ ಸಂದೇಶ ಬಂದರೂ ಅದು ಫ್ಯಾಮಿಲಿ ಗ್ರೂಪಿನಲ್ಲಿ ಕ್ಷಣದಲ್ಲಿ ಹತ್ತು ಕಡೆ ಹೋಗುತ್ತದೆ.

ಅಂಥ ಸಂದೇಶಗಳಲ್ಲಿ ಪದೇ ಪದೇ ಕಾಣುವ ಮಾತು ಇದು: ಅಮೆರಿಕದಲ್ಲಿರುವ ಭಾರತೀಯರು ಮನೆ ಬದಲಿಸಿದರೆ 10 ದಿನದೊಳಗೆ ಸರ್ಕಾರಕ್ಕೆ ತಿಳಿಸಬೇಕು, ಇಲ್ಲದಿದ್ದರೆ ನೇರವಾಗಿ ಜೈಲು, ಆಮೇಲೆ ಗಡೀಪಾರು. ಕೆಲವು ಸಂದೇಶಗಳ ಕೊನೆಯಲ್ಲಿ ಒಂದು ಲಿಂಕ್ ಇರುತ್ತದೆ, ಶುಲ್ಕ ಕಟ್ಟಿ ನೋಂದಾಯಿಸಿ ಎನ್ನುವ ಸೂಚನೆಯೂ ಇರುತ್ತದೆ.

ಇದನ್ನು ಪೂರ್ತಿ ಸುಳ್ಳು ಎಂದು ತಳ್ಳಿಹಾಕುವಂತಿಲ್ಲ, ಪೂರ್ತಿ ನಿಜವೆಂದು ನಂಬುವಂತೆಯೂ ಇಲ್ಲ. ಒಂದೊಂದಾಗಿ ನೋಡೋಣ.

ಚುಟುಕಾಗಿ ಹೇಳುವುದಾದರೆ

- 10 ದಿನದೊಳಗೆ ಹೊಸ ವಿಳಾಸ ತಿಳಿಸಬೇಕು ಎಂಬುದು ನಿಜ. ಇದು ಹೊಸ ನಿಯಮವಲ್ಲ, ದಶಕಗಳಷ್ಟು ಹಳೆಯದು.
- ತಿಳಿಸದಿದ್ದರೆ ಶಿಕ್ಷೆಗೆ ಅವಕಾಶವಿದೆ ಎಂಬುದೂ ನಿಜ. ಆದರೆ ಒಂದು ದಿನ ತಡವಾದ ಕೂಡಲೇ ಗಡೀಪಾರು ಎಂಬುದು ದಾರಿ ತಪ್ಪಿಸುವ ಮಾತು.
- ಶುಲ್ಕ ಕಟ್ಟಬೇಕು ಎಂಬುದು ಸುಳ್ಳು. ವಿಳಾಸ ತಿಳಿಸುವುದು ಸಂಪೂರ್ಣ ಉಚಿತ.
- ಇಂಥ ನಿಯಮ ಅಮೆರಿಕದಲ್ಲಿ ಮಾತ್ರ ಇದೆ ಎಂಬುದೂ ಸುಳ್ಳು. ನಮ್ಮ ದೇಶದಲ್ಲೂ ಇದೆ, ವಿದೇಶಿ ಅತಿಥಿಯನ್ನು ಮನೆಯಲ್ಲಿ ಇಟ್ಟುಕೊಂಡ ನಮಗೂ ಅನ್ವಯಿಸುತ್ತದೆ.

10 ದಿನದ ನಿಯಮ ಎಲ್ಲಿಂದ ಬಂತು?

ಅಮೆರಿಕ 1940ರಲ್ಲಿ, ಎರಡನೇ ಮಹಾಯುದ್ಧದ ಹೊತ್ತಿನಲ್ಲಿ, ತನ್ನ ನೆಲದಲ್ಲಿರುವ ವಿದೇಶಿಯರೆಲ್ಲ ಹೆಸರು ನೋಂದಾಯಿಸಬೇಕು ಎಂಬ ಕಾನೂನು ತಂದಿತು. 1952ರ ವಲಸೆ ಮತ್ತು ಪೌರತ್ವ ಕಾನೂನು ಅದನ್ನು ಮುಂದುವರಿಸಿತು. ವಿಳಾಸ ಬದಲಾದರೆ 10 ದಿನದೊಳಗೆ ತಿಳಿಸಬೇಕು ಎಂಬುದು ಈಗ ಅದೇ ಕಾನೂನಿನ 265ನೇ ಸೆಕ್ಷನ್‌ನಲ್ಲಿದೆ.

ಮೊದಲು ಇದಕ್ಕಿಂತ ಬಿಗಿಯಾದ ಪದ್ಧತಿಯಿತ್ತು. ಮನೆ ಬದಲಿಸಿರಲಿ, ಬಿಡಲಿ, ಪ್ರತಿ ವರ್ಷ ಜನವರಿಯಲ್ಲಿ ವಿದೇಶಿಯರೆಲ್ಲ ತಮ್ಮ ವಿಳಾಸದ ಕಾರ್ಡ್ ತುಂಬಿ ಕೊಡಬೇಕಿತ್ತು. ಆ ಕಾರ್ಡ್ ಅಂಚೆ ಕಚೇರಿಯಲ್ಲೇ ಸಿಗುತ್ತಿತ್ತು. ಅಮೆರಿಕ 1965ರಲ್ಲಿ ವಲಸೆ ಕಾನೂನು ಸಡಿಲಿಸಿದ ಮೇಲೆ ಅಲ್ಲಿಗೆ ಹೋದ ಮೊದಲ ತಲೆಮಾರಿನ ವೈದ್ಯರು, ಎಂಜಿನಿಯರ್‌ಗಳು ಈ ವಾರ್ಷಿಕ ಪದ್ಧತಿಯ ಕಾಲದವರು. 1981ರ ತಿದ್ದುಪಡಿ ಅದನ್ನು ಕೈಬಿಟ್ಟಿತು. ಉಳಿದದ್ದು ಒಂದೇ: ಮನೆ ಬದಲಾದಾಗ ತಿಳಿಸುವುದು.

ಹಾಗಾದರೆ ಈಗ ಇದು ಹೊಸ ಸುದ್ದಿಯಂತೆ ಓಡಾಡುವುದೇಕೆ? 2025ರ ಏಪ್ರಿಲ್ 11ರಿಂದ ಅಮೆರಿಕ ವಿದೇಶಿಯರ ನೋಂದಣಿ ನಿಯಮವನ್ನು ಮತ್ತೆ ಬಿಗಿಗೊಳಿಸಿತು. 14 ವರ್ಷ ತುಂಬಿದ, 30 ದಿನ ಅಥವಾ ಅದಕ್ಕಿಂತ ಹೆಚ್ಚು ಉಳಿಯುವ, ಈವರೆಗೆ ಯಾವ ರೀತಿಯಲ್ಲೂ ನೋಂದಣಿಯಾಗದ ವಿದೇಶಿಯರು ಹೊಸದಾಗಿ ಹೆಸರು ದಾಖಲಿಸಬೇಕಾಯಿತು. ಆಗ ಹಳೆಯ 10 ದಿನದ ನಿಯಮವೂ ಅದರ ಜೊತೆ ಸುದ್ದಿಗೆ ಬಂತು. ವಾಟ್ಸ್‌ಆ್ಯಪ್‌ನಲ್ಲಿ ಎರಡೂ ಕಲಸಿಹೋದವು.

ಇಲ್ಲಿ ಒಂದು ಸಮಾಧಾನದ ಸಂಗತಿಯಿದೆ. ವೀಸಾ ಪಡೆದು, ವಿಮಾನ ನಿಲ್ದಾಣದಲ್ಲಿ ಐ-94 ಎಂಬ ಪ್ರವೇಶ ದಾಖಲೆಯೊಂದಿಗೆ ಒಳಹೋದವರು ಆಗಲೇ ನೋಂದಣಿಯಾದವರ ಲೆಕ್ಕಕ್ಕೆ ಸೇರುತ್ತಾರೆ. ಎಚ್-1ಬಿ ವೀಸಾದ ಮಗ, ಎಚ್-4ನಲ್ಲಿರುವ ಸೊಸೆ, ಎಫ್-1ನಲ್ಲಿ ಓದುವ ಮಗಳು, ಗ್ರೀನ್ ಕಾರ್ಡ್ ಇರುವ ಅಣ್ಣ, ಇವರಾರೂ ಹೊಸದಾಗಿ ನೋಂದಣಿಗೆ ಓಡಬೇಕಿಲ್ಲ. ಆದರೆ ವಿಳಾಸ ಬದಲಾದಾಗ ತಿಳಿಸುವ ಹೊಣೆ ಇವರೆಲ್ಲರಿಗೂ ಇದೆ. ಅಲ್ಲೇ ಬೆಳೆಯುತ್ತಿರುವ ಮಗುವಿಗೆ 14 ತುಂಬಿದರೆ 30 ದಿನದೊಳಗೆ ಅದರ ಹೆಸರಿನಲ್ಲಿ ನೋಂದಣಿ ಮಾಡಿಸಬೇಕು ಎಂಬುದನ್ನೂ ನೆನಪಿಡಿ.

ಯಾರು, ಯಾರಿಗೆ, ಹೇಗೆ ತಿಳಿಸಬೇಕು?

ತಿಳಿಸಬೇಕಾದದ್ದು ಅಮೆರಿಕದ ಪೌರತ್ವ ಮತ್ತು ವಲಸೆ ಸೇವಾ ಇಲಾಖೆಗೆ, ಅಂದರೆ ಯುಎಸ್‌ಸಿಐಎಸ್‌ಗೆ. ಅದರ ಹಳೆಯ ಕಾಗದದ ಫಾರ್ಮಿನ ಹೆಸರು ಎಆರ್-11. ಈಗ ಬಹುತೇಕರು ಇಲಾಖೆಯ ಜಾಲತಾಣದಲ್ಲಿ ತಮ್ಮ ಖಾತೆ ತೆರೆದು ಅಲ್ಲೇ ವಿಳಾಸ ಬದಲಿಸುತ್ತಾರೆ. 2023ರ ಅಕ್ಟೋಬರ್‌ನಲ್ಲಿ ಬಂದ ಈ ಆನ್‌ಲೈನ್ ವ್ಯವಸ್ಥೆಯಲ್ಲಿ ಬಾಕಿ ಇರುವ ಅರ್ಜಿಗಳಿಗೂ ಹೊಸ ವಿಳಾಸ ಒಟ್ಟಿಗೇ ಸೇರಿಸಬಹುದು. ಕೆಲಸ ಹತ್ತು ನಿಮಿಷದ್ದು, ಒಂದು ಡಾಲರ್ ಖರ್ಚೂ ಇಲ್ಲ.

ಇಲ್ಲಿ ಜನ ಎಡವುವ ಜಾಗಗಳು ಇವು.

*ಅಂಚೆ ಇಲಾಖೆಗೆ ತಿಳಿಸಿದರೆ ಸಾಕು ಅಂದುಕೊಳ್ಳುವುದು.* ಅಮೆರಿಕದಲ್ಲಿ ಮನೆ ಬದಲಿಸಿದವರು ಪತ್ರಗಳು ಹೊಸ ವಿಳಾಸಕ್ಕೆ ಬರಲಿ ಎಂದು ಅಂಚೆ ಇಲಾಖೆಯಲ್ಲಿ ಹೆಸರು ಬರೆಸುತ್ತಾರೆ. ಅದು ಬೇರೆ, ಇದು ಬೇರೆ. ಅಂಚೆಯವರಿಗೆ ಹೇಳಿದ್ದು ವಲಸೆ ಇಲಾಖೆಗೆ ತಲುಪುವುದಿಲ್ಲ.

*ಗಂಡ ಮಾಡಿದರೆ ಮನೆಮಂದಿಯದ್ದೂ ಆಯಿತು ಅಂದುಕೊಳ್ಳುವುದು.* ಇಲ್ಲ. ಹೆಂಡತಿ, ಮಕ್ಕಳು, ಪ್ರತಿಯೊಬ್ಬರ ವಿಳಾಸವನ್ನೂ ಬೇರೆ ಬೇರೆಯಾಗಿ ತಿಳಿಸಬೇಕು. ಚಿಕ್ಕ ಮಕ್ಕಳ ಪರವಾಗಿ ತಂದೆ ತಾಯಿ ತುಂಬಬೇಕು.

*ಗ್ರೀನ್ ಕಾರ್ಡ್ ಬಂದ ಮೇಲೆ ಇದೆಲ್ಲ ಬೇಡ ಅಂದುಕೊಳ್ಳುವುದು.* ಬೇಕು. ಅಮೆರಿಕದ ಪೌರತ್ವ ಸಿಗುವವರೆಗೂ ಈ ನಿಯಮ ಬಿಡುವುದಿಲ್ಲ. ಪೌರತ್ವ ಪಡೆದ ಮೇಲೂ, ತಂದೆ ತಾಯಿಯ ಗ್ರೀನ್ ಕಾರ್ಡಿಗೆ ಜವಾಬ್ದಾರಿಪತ್ರ ಬರೆದುಕೊಟ್ಟವರು ತಮ್ಮ ವಿಳಾಸ ಬದಲಾದರೆ 30 ದಿನದೊಳಗೆ ಬೇರೊಂದು ಫಾರ್ಮಿನಲ್ಲಿ ತಿಳಿಸಬೇಕು.

*ವಿದ್ಯಾರ್ಥಿಗಳ ದಾರಿ ಬೇರೆ.* ಎಫ್-1 ವೀಸಾದಲ್ಲಿ ಓದುವವರು ತಮ್ಮ ಕಾಲೇಜಿನ ವಿದೇಶಿ ವಿದ್ಯಾರ್ಥಿಗಳ ವಿಭಾಗದ ಅಧಿಕಾರಿಗೆ 10 ದಿನದೊಳಗೆ ಹೇಳಬೇಕು. ಅವರು ಅದನ್ನು ಸೆವಿಸ್ ಎಂಬ ಸರ್ಕಾರಿ ದಾಖಲೆಯಲ್ಲಿ ಸೇರಿಸುತ್ತಾರೆ. ಓದು ಮುಗಿಸಿ ಒಪಿಟಿಯಲ್ಲಿ ಕೆಲಸ ಮಾಡುತ್ತಿರುವವರು ತಾವೇ ಪೋರ್ಟಲ್‌ನಲ್ಲಿ ವಿಳಾಸ ಬದಲಿಸಬಹುದು. ನಾಲ್ಕು ಜನ ಸೇರಿ ಒಂದು ಅಪಾರ್ಟ್‌ಮೆಂಟ್ ಹಿಡಿದು, ಆರು ತಿಂಗಳಿಗೊಮ್ಮೆ ರೂಮು ಬದಲಿಸುವ ಹುಡುಗರು ಹೆಚ್ಚು ಮರೆಯುವುದು ಇದನ್ನೇ.

*ಕೆಲಸದ ಜಾಗವೂ ಬದಲಾದರೆ?* ಮನೆ ವಿಳಾಸ ಬೇರೆ, ಕೆಲಸದ ಜಾಗ ಬೇರೆ. ಎಚ್-1ಬಿ ವೀಸಾ ಒಂದು ಕಂಪನಿಗೆ ಮಾತ್ರವಲ್ಲ, ಕೆಲಸ ಮಾಡುವ ಪ್ರದೇಶಕ್ಕೂ ಅಂಟಿಕೊಂಡಿರುತ್ತದೆ. ಮನೆಯಿಂದಲೇ ಕೆಲಸ ಮಾಡುವವನು ಡಲ್ಲಾಸ್‌ನಿಂದ ಬೇರೆ ರಾಜ್ಯದ ಊರಿಗೆ ಮನೆ ಬದಲಿಸಿದರೆ, ಆತನ ಕಂಪನಿ ತಿದ್ದುಪಡಿ ಅರ್ಜಿ ಹಾಕಬೇಕಾಗುತ್ತದೆ. 2015ರಲ್ಲಿ ಬಂದ ಸಿಮಿಯೋ ಸೊಲ್ಯೂಷನ್ಸ್ ಪ್ರಕರಣದ ತೀರ್ಪು ಇದನ್ನು ಸ್ಪಷ್ಟ ಮಾಡಿತು. ಆದ್ದರಿಂದ ದೂರದ ಊರಿಗೆ ಹೋಗುವ ಮೊದಲೇ ಕಂಪನಿಯ ಎಚ್‌ಆರ್‌ಗೆ ಹೇಳುವುದು ಒಳ್ಳೆಯದು.

ಬಾಣಂತನಕ್ಕೆ ಹೋದ ಅಪ್ಪ ಅವ್ವನಿಗೂ ಇದು ಅನ್ವಯವೇ?

ಈ ಪ್ರಶ್ನೆ ನಮ್ಮ ಕಡೆಯವರಿಗೆ ಮುಖ್ಯ. ಸೊಸೆಯ ಅಥವಾ ಮಗಳ ಬಾಣಂತನಕ್ಕೆಂದು ಪ್ರವಾಸಿ ವೀಸಾದಲ್ಲಿ ಹೋಗಿ ಐದಾರು ತಿಂಗಳು ಇರುವವರು ಬಹಳ. ಅವರ ಐ-94 ದಾಖಲೆಯೇ ಅವರ ನೋಂದಣಿಯ ಪುರಾವೆ. ಅವರು ಅಲ್ಲಿರುವಾಗಲೇ ಮಗ ಮನೆ ಬದಲಿಸಿದರೆ, 30 ದಿನಕ್ಕಿಂತ ಹೆಚ್ಚು ಉಳಿಯುವ ಅಪ್ಪ ಅವ್ವನ ಹೊಸ ವಿಳಾಸವನ್ನೂ ಆತ ಆನ್‌ಲೈನ್‌ನಲ್ಲಿ ತಿಳಿಸಬೇಕು.

ಇನ್ನೊಂದು ಮಾತು. 18 ವರ್ಷ ಮೇಲ್ಪಟ್ಟ ವಿದೇಶಿಯರು ನೋಂದಣಿಯ ಪುರಾವೆಯನ್ನು ಸದಾ ಜೊತೆಯಲ್ಲಿ ಇಟ್ಟುಕೊಳ್ಳಬೇಕು ಎಂದು ಅಲ್ಲಿಯ ಕಾನೂನು ಹೇಳುತ್ತದೆ. ಪಾರ್ಕಿಗೆ, ಗುಡಿಗೆ ಹೋಗುವಾಗ ಅಪ್ಪನ ಜೇಬಿನಲ್ಲಿ, ಅವ್ವನ ಚೀಲದಲ್ಲಿ ಐ-94ರ ಮುದ್ರಿತ ಪ್ರತಿ ಇರಲಿ. ಅದನ್ನು ಅಮೆರಿಕದ ಗಡಿ ಇಲಾಖೆಯ ಜಾಲತಾಣದಿಂದ ಉಚಿತವಾಗಿ ತೆಗೆದುಕೊಳ್ಳಬಹುದು.

ತಿಳಿಸದಿದ್ದರೆ ನಿಜಕ್ಕೂ ಏನಾಗುತ್ತದೆ?

ಕಾನೂನಿನ ಪ್ರಕಾರ ಇದು ಸಣ್ಣ ಅಪರಾಧ. ಮೂಲ ಸೆಕ್ಷನ್‌ನಲ್ಲಿ 200 ಡಾಲರ್‌ವರೆಗೆ ದಂಡ, ಅಥವಾ 30 ದಿನದವರೆಗೆ ಜೈಲು, ಅಥವಾ ಎರಡೂ ಎಂದಿದೆ. ದಂಡದ ಬಗೆಗಿನ ಇತರ ಕಾನೂನುಗಳು ಸೇರಿದರೆ ಮೊತ್ತ ಇನ್ನೂ ಹೆಚ್ಚಬಹುದು. ದೇಶದಿಂದ ಹೊರಹಾಕಲೂ ಇದನ್ನು ಕಾರಣವಾಗಿ ಬಳಸಬಹುದು. ಫಾರ್ವರ್ಡ್ ಇಷ್ಟನ್ನು ಹೇಳುತ್ತದೆ.

ಫಾರ್ವರ್ಡ್ ಬಿಟ್ಟುಬಿಡುವ ಸಾಲು ಕೂಡ ಅದೇ ಕಾನೂನಿನಲ್ಲಿದೆ. ತಿಳಿಸದಿರಲು ಒಪ್ಪುವಂಥ ಕಾರಣವಿತ್ತು, ಅಥವಾ ಬೇಕೆಂದೇ ಮಾಡಿದ್ದಲ್ಲ ಎಂದು ತೋರಿಸಿದರೆ, ಅದೊಂದೇ ಕಾರಣಕ್ಕೆ ಹೊರಹಾಕುವಂತಿಲ್ಲ. ಮರೆತು ಹದಿನೈದು ದಿನವಾದ ಮೇಲೆ ನೆನಪಾಗಿ ತುಂಬಿದವನೂ, ಅಡಗಿಕೊಳ್ಳಲೆಂದು ವಿಳಾಸ ಮುಚ್ಚಿಟ್ಟವನೂ ಒಂದೇ ಅಲ್ಲ. ಆದ್ದರಿಂದ ದಿನ ಮೀರಿದೆ ಎಂದು ಹೆದರಿ ಸುಮ್ಮನೆ ಕೂರುವುದು ಎಲ್ಲಕ್ಕಿಂತ ಕೆಟ್ಟ ಆಯ್ಕೆ. ತಡವಾದರೂ ತಿಳಿಸುವುದೇ ಸರಿ.

ನಿಜವಾದ ಅಪಾಯ ಬೇರೆ ಕಡೆ ಇದೆ, ಅದರ ಬಗ್ಗೆ ಯಾವ ಫಾರ್ವರ್ಡೂ ಹೇಳುವುದಿಲ್ಲ. ವೀಸಾ ವಿಸ್ತರಣೆ, ಗ್ರೀನ್ ಕಾರ್ಡ್ ಅರ್ಜಿಗಳು ವರ್ಷಗಟ್ಟಲೆ ನಡೆಯುತ್ತವೆ. ನಡುವೆ ಇಲಾಖೆ ಇನ್ನಷ್ಟು ದಾಖಲೆ ಕೇಳಿ ಪತ್ರ ಬರೆಯುತ್ತದೆ, ಬೆರಳಚ್ಚು ಕೊಡಲು ದಿನಾಂಕ ಗೊತ್ತು ಮಾಡುತ್ತದೆ, ಸಂದರ್ಶನಕ್ಕೆ ಕರೆಯುತ್ತದೆ. ಆ ಪತ್ರ ಹಳೆಯ ಮನೆಯ ಡಬ್ಬಿಯಲ್ಲಿ ಬಿದ್ದು, ಅಲ್ಲಿ ಈಗಿರುವ ಬಾಡಿಗೆದಾರ ಅದನ್ನು ಕಸಕ್ಕೆ ಹಾಕಿದರೆ? ಗೊತ್ತು ಮಾಡಿದ ದಿನ ಹೋಗದಿದ್ದರೆ ಅರ್ಜಿ ಕೈಬಿಟ್ಟಂತೆ ಎಂದು ತಿಳಿದು ತಿರಸ್ಕರಿಸಬಹುದು. ಹತ್ತು ನಿಮಿಷದ ಕೆಲಸ ಮರೆತದ್ದಕ್ಕೆ ಹಲವು ವರ್ಷ ಕಾದ ಅರ್ಜಿ ಹಾಳಾಗುತ್ತದೆ. ಜೈಲಿಗಿಂತ ಹೆಚ್ಚು ಜನರನ್ನು ತಟ್ಟಬಹುದಾದ ನಷ್ಟ ಇದು.

ಬೇರೆ ದೇಶಗಳಲ್ಲಿ ಹೇಗಿದೆ?

ಒಂದು ದೇಶದ ನಿಯಮವನ್ನು ಇನ್ನೊಂದು ದೇಶದಲ್ಲಿರುವ ಮಗನಿಗೆ ಕಳಿಸಿ ಗಾಬರಿ ಮಾಡುವುದು ಸಾಮಾನ್ಯ. ಆದ್ದರಿಂದ ಇಷ್ಟು ತಿಳಿದಿರಲಿ.

- ಜರ್ಮನಿ: ಹೊಸ ಮನೆಗೆ ಹೋದ ಎರಡು ವಾರದೊಳಗೆ ಊರಿನ ನೋಂದಣಿ ಕಚೇರಿಯಲ್ಲಿ ವಿಳಾಸ ಬರೆಸಬೇಕು. ಮನೆ ಮಾಲೀಕರ ದೃಢೀಕರಣ ಪತ್ರವೂ ಬೇಕು. ಈ ನಿಯಮ ವಿದೇಶಿಯರಿಗಷ್ಟೇ ಅಲ್ಲ, ಜರ್ಮನ್ನರಿಗೂ ಇದೆ.
- ಜಪಾನ್: ಮನೆ ಬದಲಿಸಿದ 14 ದಿನದೊಳಗೆ ನಗರಸಭೆಯ ಕಚೇರಿಗೆ ಹೋಗಿ ನಿವಾಸ ಕಾರ್ಡಿನಲ್ಲಿ ಹೊಸ ವಿಳಾಸ ಬರೆಸಬೇಕು. 90 ದಿನ ಕಳೆದರೂ ಬರೆಸದಿದ್ದರೆ ನಿವಾಸದ ಅನುಮತಿಯನ್ನೇ ರದ್ದು ಮಾಡಬಹುದು.
- ಆಸ್ಟ್ರೇಲಿಯಾ: ವಿದ್ಯಾರ್ಥಿ ವೀಸಾದವರು ವಿಳಾಸ ಬದಲಾದ 7 ದಿನದೊಳಗೆ ತಮ್ಮ ಕಾಲೇಜಿಗೆ ತಿಳಿಸಬೇಕು.
- ಥಾಯ್ಲೆಂಡ್: ದೀರ್ಘಾವಧಿ ವೀಸಾದವರು ಮನೆ ಬದಲಿಸದಿದ್ದರೂ ಪ್ರತಿ 90 ದಿನಕ್ಕೊಮ್ಮೆ ತಾವು ಎಲ್ಲಿದ್ದೇವೆ ಎಂದು ವಲಸೆ ಇಲಾಖೆಗೆ ತಿಳಿಸಬೇಕು. ಗಡುವಿಗೆ 15 ದಿನ ಮೊದಲಿನಿಂದ 7 ದಿನ ನಂತರದವರೆಗೆ ಅವಕಾಶ. ಅಲ್ಲಿ ವಿದೇಶಿಯರಿಗೆ ಮನೆ ಕೊಟ್ಟ ಮಾಲೀಕರೂ 24 ಗಂಟೆಯೊಳಗೆ ವರದಿ ಮಾಡಬೇಕು.
- ಬ್ರಿಟನ್: ಕೆಲವು ದೇಶದವರು ಪೊಲೀಸ್ ಠಾಣೆಯಲ್ಲಿ ನೋಂದಾಯಿಸಬೇಕಿದ್ದ ಪದ್ಧತಿ 2022ರ ಆಗಸ್ಟ್‌ನಲ್ಲಿ ನಿಂತಿತು. ಆದರೆ ವೀಸಾದವರು ತಮ್ಮ ಆನ್‌ಲೈನ್ ಖಾತೆಯಲ್ಲಿ ವಿಳಾಸ ಸರಿಯಾಗಿ ಇಟ್ಟುಕೊಳ್ಳಬೇಕು.

ನಮ್ಮ ದೇಶದಲ್ಲಿ ಇಂಥ ನಿಯಮ ಇಲ್ಲವೇ?

ಇದೆ. ಭಾರತಕ್ಕೆ 180 ದಿನಕ್ಕಿಂತ ಹೆಚ್ಚಿನ ಅವಧಿಯ ಉದ್ಯೋಗ, ವಿದ್ಯಾರ್ಥಿ ಮುಂತಾದ ವೀಸಾದಲ್ಲಿ ಬಂದ ವಿದೇಶಿಯರು ಸಾಮಾನ್ಯವಾಗಿ 14 ದಿನದೊಳಗೆ ನೋಂದಾಯಿಸಿಕೊಳ್ಳಬೇಕು. ಬೆಂಗಳೂರಿನಲ್ಲಿ ಇದಕ್ಕೆ ಪ್ರಾದೇಶಿಕ ವಿದೇಶಿಯರ ನೋಂದಣಿ ಕಚೇರಿ, ಅಂದರೆ ಎಫ್‌ಆರ್‌ಆರ್‌ಒ ಇದೆ. ಜಿಲ್ಲೆಗಳಲ್ಲಿ ಪೊಲೀಸ್ ವರಿಷ್ಠಾಧಿಕಾರಿಯೇ ವಿದೇಶಿಯರ ನೋಂದಣಿ ಅಧಿಕಾರಿ. ಜಮಖಂಡಿಯಲ್ಲಿ ನೆಲೆಸಿದ ವಿದೇಶಿಯರಿಗೆ ಬಾಗಲಕೋಟೆಯ ಎಸ್‌ಪಿ ಕಚೇರಿ. ಈಗ ಅರ್ಜಿಗಳೆಲ್ಲ ಆನ್‌ಲೈನ್‌ನಲ್ಲೇ ನಡೆಯುತ್ತವೆ. ಉತ್ತರ ಕನ್ನಡದ ಮುಂಡಗೋಡದಲ್ಲಿ ನೆಲೆಸಿರುವ ಟಿಬೆಟನ್ನರ ಬಳಿ ಇರುವ ನೋಂದಣಿ ಪತ್ರವೂ ಇದೇ ವ್ಯವಸ್ಥೆಯ ಭಾಗ.

ವಿದೇಶಿಯರಿಗೆ ಉಳಿಯಲು ಜಾಗ ಕೊಟ್ಟವರೂ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ತಿಳಿಸಬೇಕು. ಬಹುಕಾಲ ಇದನ್ನು ಫಾರ್ಮ್-ಸಿ ಎಂದೇ ಕರೆಯುತ್ತಿದ್ದರು. ಇದು ಹೋಟೆಲ್, ಲಾಡ್ಜ್‌ಗಳಿಗೆ ಮಾತ್ರ ಎಂದು ಹಲವರು ನಂಬಿದ್ದಾರೆ. ಹಾಗಲ್ಲ. ಧರ್ಮಶಾಲೆ, ಹಾಸ್ಟೆಲ್, ಆಸ್ಪತ್ರೆ, ಖಾಸಗಿ ಮನೆ ಎಲ್ಲವೂ ಇದರಲ್ಲಿ ಬರುತ್ತವೆ. ಮಗನ ವಿದೇಶಿ ಗೆಳೆಯ ಮದುವೆಗೆಂದು ಬಂದು ನಿಮ್ಮ ಮನೆಯಲ್ಲಿ ನಾಲ್ಕು ದಿನ ಉಳಿದರೆ, ತಿಳಿಸುವ ಹೊಣೆ ನಿಮ್ಮದು. 1939 ಮತ್ತು 1946ರ ಹಳೆಯ ಕಾನೂನುಗಳ ಜಾಗಕ್ಕೆ ಬಂದ ವಲಸೆ ಮತ್ತು ವಿದೇಶಿಯರ ಕಾಯ್ದೆ 2025ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ. ಅದರಲ್ಲೂ ಈ ಹೊಣೆ ಮುಂದುವರಿದಿದೆ.

ಓಸಿಐ ಕಾರ್ಡ್ ಇರುವ ಮೊಮ್ಮಕ್ಕಳು ಠಾಣೆಗೆ ಹೋಗಬೇಕೇ?

ನೋಂದಣಿಗೆಂದು ಹೋಗಬೇಕಿಲ್ಲ. ಓಸಿಐ ಕಾರ್ಡ್ ಇರುವವರು ಭಾರತದಲ್ಲಿ ಎಷ್ಟು ದಿನ ಇದ್ದರೂ ಎಫ್‌ಆರ್‌ಆರ್‌ಒ ನೋಂದಣಿಯಿಂದ ವಿನಾಯಿತಿ ಇದೆ. ಆದರೆ 2021ರ ಮಾರ್ಚ್ 4ರ ಅಧಿಸೂಚನೆ ಒಂದು ಷರತ್ತು ಸೇರಿಸಿತು. ಭಾರತದಲ್ಲೇ ನೆಲೆಸಿರುವ ಓಸಿಐ ಕಾರ್ಡ್‌ದಾರರು ತಮ್ಮ ಕಾಯಂ ವಿಳಾಸ ಅಥವಾ ಉದ್ಯೋಗ ಬದಲಾದಾಗ ಇಮೇಲ್ ಮೂಲಕ ತಿಳಿಸಬೇಕು. ಅಮೆರಿಕದಿಂದ ಊರಿಗೆ ಮರಳಿ ಮನೆ ಕಟ್ಟಿಸಿಕೊಂಡವರಿಗೆ ಇದು ಅನ್ವಯ, ಬೇಸಿಗೆ ರಜೆಗೆ ಬಂದು ಹೋಗುವ ಮೊಮ್ಮಕ್ಕಳಿಗಲ್ಲ.

ಫಾರ್ವರ್ಡ್ ಬೆನ್ನಿಗೇ ಬರುವ ಮೋಸದ ಕರೆ

ಅರ್ಧ ನಿಜದ ಸಂದೇಶ ಏಕೆ ಅಪಾಯ? ಅದು ಮೊದಲು ಮನಸ್ಸಿನಲ್ಲಿ ಹೆದರಿಕೆ ಕೂರಿಸುತ್ತದೆ. ಆ ಹೆದರಿಕೆಯ ಮೇಲೆ ಮೋಸಗಾರರು ದುಡಿಯುತ್ತಾರೆ. ವಿದೇಶದಲ್ಲಿರುವ ಹುಡುಗನಿಗೆ ವಲಸೆ ಅಧಿಕಾರಿಯ ಸೋಗಿನಲ್ಲಿ ಕರೆ ಬರುತ್ತದೆ: ನಿನ್ನ ದಾಖಲೆಯಲ್ಲಿ ತಪ್ಪಿದೆ, ಈಗಲೇ ಹಣ ಕಟ್ಟು, ಇಲ್ಲದಿದ್ದರೆ ಬಂಧನ. ಇಂಥ ಕರೆಗಳ ಬಗ್ಗೆ ವಾಷಿಂಗ್ಟನ್‌ನ ಭಾರತೀಯ ರಾಯಭಾರ ಕಚೇರಿ ಎಚ್ಚರಿಕೆ ಕೊಟ್ಟಿದೆ. ಮೋಸಗಾರರು ರಾಯಭಾರ ಕಚೇರಿಯದೇ ನಂಬರ್ ಕಾಣುವಂತೆ ಮಾಡಿಯೂ ಕರೆ ಮಾಡುತ್ತಾರೆ.

ಇದರ ಇನ್ನೊಂದು ರೂಪ ಊರಿನಲ್ಲಿರುವ ಅಪ್ಪ ಅವ್ವನಿಗೇ ಬರುತ್ತದೆ: ನಿಮ್ಮ ಮಗ ಅಲ್ಲಿ ಸಿಕ್ಕಿಬಿದ್ದಿದ್ದಾನೆ, ಬಿಡಿಸಬೇಕಾದರೆ ಹಣ ಕಳಿಸಿ, ಯಾರಿಗೂ ಹೇಳಬೇಡಿ. ಅಲ್ಲಿ ರಾತ್ರಿ, ಮಗ ನಿದ್ದೆಯಲ್ಲಿ ಫೋನ್ ಎತ್ತಿರುವುದಿಲ್ಲ. ಫಾರ್ವರ್ಡ್ ಓದಿದ್ದ ಅವ್ವ ನಂಬಿಬಿಡುತ್ತಾಳೆ. ಪ್ರಧಾನಿ 2024ರ ಅಕ್ಟೋಬರ್ 27ರ ಮನ್ ಕೀ ಬಾತ್‌ನಲ್ಲಿ ಎಚ್ಚರಿಸಿದ ಡಿಜಿಟಲ್ ಅರೆಸ್ಟ್ ಮೋಸದ ತಂತ್ರವೂ ಇದೇ: ಹೆದರಿಸು, ಅವಸರ ಮಾಡು, ಬೇರೆಯವರನ್ನು ಕೇಳಲು ಬಿಡಬೇಡ.

ನೆನಪಿಡಬೇಕಾದದ್ದು ಸರಳ. ವಿಳಾಸ ತಿಳಿಸಲು ಯಾವ ಶುಲ್ಕವೂ ಇಲ್ಲ, ಆದ್ದರಿಂದ ಅದಕ್ಕಾಗಿ ಹಣ ಕೇಳಿದವರು ಮೋಸಗಾರರೇ. ಯಾವ ದೇಶದ ವಲಸೆ ಇಲಾಖೆಯೂ ಗಿಫ್ಟ್ ಕಾರ್ಡ್ ಅಥವಾ ಯುಪಿಐ ಮೂಲಕ ದಂಡ ವಸೂಲಿ ಮಾಡುವುದಿಲ್ಲ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಎಷ್ಟು ಬೇಗ ತಿಳಿಸುತ್ತೀರೋ, ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು.

ಹಾಗಾದರೆ ಈ ಫಾರ್ವರ್ಡ್ ಬಂದರೆ ಏನು ಮಾಡಬೇಕು?

1. ಅದರಲ್ಲಿರುವ ಲಿಂಕ್ ಒತ್ತಬೇಡಿ. ಅಮೆರಿಕ ಸರ್ಕಾರದ ಜಾಲತಾಣದ ವಿಳಾಸ ‘ಡಾಟ್ ಗವ್’ ಎಂದು ಮುಗಿಯುತ್ತದೆ. ಬೇರೆ ಯಾವುದಾದರೂ ಇದ್ದರೆ ಅನುಮಾನಿಸಿ.
2. ಸಂದೇಶವನ್ನು ಗ್ರೂಪಿಗೆ ಹಾಕುವ ಬದಲು ವಿದೇಶದಲ್ಲಿರುವ ನಿಮ್ಮ ಮಗನನ್ನೋ ಮಗಳನ್ನೋ ನೇರವಾಗಿ ಕೇಳಿ.
3. ಅವರು ಯಾವ ದೇಶ, ಯಾವ ವೀಸಾ ಎಂಬುದನ್ನು ಗಮನಿಸಿ. ಒಂದು ದೇಶದ ನಿಯಮ ಇನ್ನೊಂದಕ್ಕೆ ಹೊಂದುವುದಿಲ್ಲ.
4. ಅವರ ಈಗಿನ ವಿಳಾಸ, ಕಂಪನಿ ಅಥವಾ ಕಾಲೇಜಿನ ಹೆಸರು, ಹತ್ತಿರದ ಒಬ್ಬ ಗೆಳೆಯನ ನಂಬರ್ ಮನೆಯ ಡೈರಿಯಲ್ಲಿ ಬರೆದಿಡಿ. ಮೋಸದ ಕರೆ ಬಂದಾಗ ಪರೀಕ್ಷಿಸಲು ಇದೇ ನೆರವಾಗುತ್ತದೆ.

ವಿಳಾಸದ ನಿಯಮ ನಿಜ, ಅದರ ಸುತ್ತ ಹಬ್ಬಿಸುವ ಗಾಬರಿ ಸುಳ್ಳು. ಈ ಭಾನುವಾರ ವಿಡಿಯೊ ಕಾಲ್‌ನಲ್ಲಿ ಊಟ ಆತೇನು ಎಂದು ಕೇಳಿದ ಮೇಲೆ ಇನ್ನೊಂದು ಮಾತು ಕೇಳಿಬಿಡಿ: "ಮನಿ ಬದಲಿ ಮಾಡಿದ್ದು ಅಲ್ಲಿ ಸರಕಾರಕ್ಕ ತಿಳಿಸೀಯೇನಪಾ?" ಇಲ್ಲ ಅಂದರೆ, ಫೋನ್ ಇಡುವ ಮೊದಲೇ ಮಾಡಿ ಮುಗಿಸಲಿ.